ಮನೆಯಲ್ಲೇ ಬಾಣಸಿಗನ ವೇಷ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಆರೂವರೆಗೆ ಮಗು ಬ್ಯಾಗಿನಿಂದ ಡೈರಿ ತೆಗೆದು, "ಅಮ್ಮ, ನಾಡಿದ್ದು ಛದ್ಮವೇಷ. ನಂಗೆ ಷೆಫ್ ಬಂದಿದೆ" ಅನ್ನುತ್ತದೆ. ಹೊರಗೆ ಧೋ ಅಂತ ಮಳೆ. ಪೇಟೆಗೆ ಹೋಗುವ ಕೊನೆ ಬಸ್ಸೂ ಹೋಗಿಯಾಗಿದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಇದು ಮೂರು ಸಲ ಆಯಿತು. ನನ್ನ ಇಬ್ಬರು ಮಕ್ಕಳಿಗೆ ಮಾಡಿದೆ, ಆಮೇಲೆ ಅಕ್ಕನ ಮಗನಿಗೆ. ಅಲ್ಲಿಂದ ಅಕ್ಕಪಕ್ಕದವರೂ ಫೋನ್ ಮಾಡಿ ಕೇಳತೊಡಗಿದರು. ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಅದೇ ಪ್ರಶ್ನೆಗಳು. ಅವಕ್ಕೆ ನಾನು ಮಾಡಿ ನೋಡಿದ ಉತ್ತರಗಳು ಇಲ್ಲಿವೆ.

ಏನೇನು ಸಾಮಾನು ಬೇಕು? ಅಂಗಡಿಗೆ ಹೋಗಲೇಬೇಕಾ?

ಹೋಗಬೇಕಾಗಿಲ್ಲ. ಅಪ್ಪನದೊಂದು ಬಿಳಿ ಅಂಗಿ, ಒಂದು ಬಿಳಿ ದಿಂಬಿನ ಕವರು, ಒಂದು ಹಳೇ ಪಂಚೆ, ಎರಡು ಟವೆಲ್ಲು, ಒಂದು ದೊಡ್ಡ ಕರ್ಚೀಫು, ಸೂಜಿ ದಾರ, ನಾಲ್ಕೈದು ಸೇಫ್ಟಿ ಪಿನ್ನು. ಟೋಪಿಯ ಪಟ್ಟಿಗೆ ಒಂದು ಬಿಳಿ ಚಾರ್ಟ್ ಶೀಟು ಬೇಕು. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಬೀರುವಿನ ಹಿಂದೆ ಒಂದಾದರೂ ಇದ್ದೇ ಇರುತ್ತದೆ. ಇಲ್ಲದಿದ್ದರೆ ಅದಕ್ಕೂ ದಾರಿ ಇದೆ, ಮುಂದೆ ಹೇಳುತ್ತೇನೆ. ಶಿವಮೊಗ್ಗದಲ್ಲೇ ಇರುವವರು ಗಾಂಧಿ ಬಜಾರಿಗೆ ಹೋದರೆ ಚಾರ್ಟ್ ಶೀಟು, ಗುಂಡಿ, ಲಾಡಿ ಎಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ.

ಟೋಪಿ ಹೇಗೆ ಮಾಡುವುದು?

ಷೆಫ್ ವೇಷದಲ್ಲಿ ಅರ್ಧ ಕೆಲಸ ಟೋಪಿಯದೇ. ಅದೊಂದು ಸರಿಯಾಗಿ ಬಂದರೆ ದೂರದಿಂದಲೇ ಗೊತ್ತಾಗುತ್ತದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಮಗುವಿನ ತಲೆಯ ಸುತ್ತಳತೆ ತೆಗೆದುಕೊಳ್ಳಿ. ಹುಬ್ಬಿಗಿಂತ ಒಂದು ಬೆರಳು ಮೇಲೆ, ಕಿವಿಯ ಮೇಲಿಂದ ಒಂದು ದಾರ ಸುತ್ತಿ, ಆ ದಾರವನ್ನು ಸ್ಕೇಲಿನ ಮೇಲಿಡಿ. ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ ಸುಮಾರು 20 ಇಂಚು ಬರುತ್ತದೆ. ಒಂದು ಬೆರಳು ಸಡಿಲ ಇರಲಿ ಅಂತ ಅರ್ಧ ಇಂಚು ಸೇರಿಸಿ.

ಚಾರ್ಟ್ ಶೀಟು ಸಾಮಾನ್ಯವಾಗಿ 22 ಇಂಚು ಅಗಲ, 28 ಇಂಚು ಉದ್ದ ಇರುತ್ತದೆ. ಉದ್ದದ ಕಡೆಯಿಂದ 10 ಇಂಚು ಅಗಲದ ಪಟ್ಟಿ ಕತ್ತರಿಸಿ ಮಧ್ಯಕ್ಕೆ ಮಡಚಿ. 5 ಇಂಚು ಎತ್ತರದ ಎರಡು ಪದರದ ಪಟ್ಟಿ ಆಯಿತು. ಅದನ್ನು ತಲೆಯ ಅಳತೆಗೆ ಸುತ್ತಿ ತುದಿಗಳನ್ನು ಒಂದರ ಮೇಲೊಂದು ತಂದು ಅಂಟಿಸಿ. ಸ್ಟೇಪ್ಲರ್ ಹೊಡೆದರೆ ಒಳಗಡೆ ಅದರ ಮೇಲೆ ಟೇಪು ಅಂಟಿಸಲೇಬೇಕು, ಇಲ್ಲದಿದ್ದರೆ ಕೂದಲು ಸಿಕ್ಕಿಕೊಂಡು ಮಗು ಅಳುತ್ತದೆ.

ಈಗ ದಿಂಬಿನ ಕವರು. ಮಾಮೂಲಿ ಕವರು 17 ಇಂಚು ಅಗಲ, 27 ಇಂಚು ಉದ್ದ. ಅಂದರೆ ಅದರ ಬಾಯಿ ಸುತ್ತಲೂ 34 ಇಂಚು. ಪಟ್ಟಿ ಇರುವುದು ಇಪ್ಪತ್ತೂವರೆ ಇಂಚು. ಹದಿಮೂರೂವರೆ ಇಂಚು ಬಟ್ಟೆ ಜಾಸ್ತಿ ಇದೆ. ಆ ಜಾಸ್ತಿಯೇ ನಮಗೆ ಬೇಕಾದದ್ದು, ಟೋಪಿ ಉಬ್ಬುವುದು ಅದರಿಂದಲೇ. ಸೀರೆ ನೆರಿಗೆ ಹಿಡಿದ ಹಾಗೆ ಬಾಯಿಯ ಸುತ್ತ ಸಣ್ಣ ನೆರಿಗೆ ಹಿಡಿಯುತ್ತಾ ಹೋಗಿ. ಅರ್ಧ ಇಂಚು ಒಳಗೆ ಮಡಚಿದ ಒಂದು ನೆರಿಗೆ ಒಂದು ಇಂಚು ಬಟ್ಟೆ ನುಂಗುತ್ತದೆ. ಹದಿಮೂರು ಹದಿನಾಲ್ಕು ನೆರಿಗೆಗೆ ಲೆಕ್ಕ ಸರಿಹೋಗುತ್ತದೆ. ಎಲ್ಲ ನೆರಿಗೆಯೂ ಒಂದೇ ಕಡೆ ಮಲಗಲಿ. ಪ್ರತಿ ನೆರಿಗೆಗೂ ಒಂದು ಟಾಕಿ ಹಾಕಿ ಪಟ್ಟಿಯ ಒಳಮೈಗೆ ಸೇರಿಸಿ.

ಹಾಗೇ ಬಿಟ್ಟರೆ 27 ಇಂಚು ಉದ್ದ ತುಂಬಾ ಆಯಿತು, ಬೆನ್ನ ಮೇಲೆ ಜೋತು ಬೀಳುತ್ತದೆ. ನೆರಿಗೆ ಹಿಡಿಯುವ ಮೊದಲೇ ಬಾಯಿಯನ್ನು ಒಳಕ್ಕೆ ಹತ್ತು ಹನ್ನೆರಡು ಇಂಚು ಮಡಚಿಕೊಳ್ಳಿ. ಕತ್ತರಿಸಬೇಡಿ, ಆಮೇಲೆ ಬಿಚ್ಚಿ ಮತ್ತೆ ದಿಂಬಿಗೆ ಹಾಕಬಹುದು. ಮೇಲೆ ಎರಡು ಮೂಲೆ ಮೊಲದ ಕಿವಿಯ ಹಾಗೆ ಎದ್ದು ನಿಲ್ಲುತ್ತವೆ. ಅವನ್ನು ಒಳಗೆ ತಳ್ಳಿ ಒಂದೊಂದು ಹೊಲಿಗೆ ಹಾಕಿದರೆ ತಲೆ ದುಂಡಗಾಗುತ್ತದೆ. ಒಳಗೆ ಒಂದು ನ್ಯೂಸ್ ಪೇಪರನ್ನು ಹಗುರವಾಗಿ ಉಂಡೆ ಮಾಡಿ ಇಟ್ಟರೆ ಉಬ್ಬು ನಿಲ್ಲುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಟೋಪಿ ಮಾಡುವುದು ಸುಲಭ ಅಂತ ಕೆಲವರು ಹೇಳುತ್ತಾರೆ. ಅದು ಬೇಡ. ಜಾರಿ ಮುಖದ ಮೇಲೆ ಬಂದರೆ ಉಸಿರಿಗೆ ಅಪಾಯ.

ಮಳೆಗಾಲದಲ್ಲಿ ಚಾರ್ಟ್ ಶೀಟಿನ ಟೋಪಿ ಮೆತ್ತಗಾಗಿ ಬಾಗುತ್ತಲ್ಲ, ಏನು ಮಾಡುವುದು?

ಈ ಪ್ರಶ್ನೆ ನನಗೆ ಚೆನ್ನಾಗಿ ಗೊತ್ತು. ದೊಡ್ಡ ಮಗಳ ಮೊದಲ ಷೆಫ್ ವೇಷ ಆಗಸ್ಟ್ 15ಕ್ಕೆ. ಹಿಂದಿನ ರಾತ್ರಿ ಮಾಡಿದ ಟೋಪಿ ಬೆಳಿಗ್ಗೆ ನೆಟ್ಟಗೇ ಇತ್ತು. ಬಾವುಟ ಹಾರಿಸಿ, ಭಾಷಣ ಮುಗಿದು, ಅವಳ ಸರದಿ ಬರುವ ಹೊತ್ತಿಗೆ ಹತ್ತೂವರೆ. ಮಳೆ ಅವಳ ಮೇಲೆ ಬಿದ್ದಿರಲಿಲ್ಲ, ಜಗಲಿಯಲ್ಲೇ ನಿಂತಿದ್ದಳು. ಆದರೂ ಪಟ್ಟಿ ಬೆಂಕಿಗೆ ಬಾಡಿಸಿದ ಬಾಳೆ ಎಲೆಯಂತಾಗಿತ್ತು. ಒಂದು ಕೈಯಲ್ಲಿ ಟೋಪಿ ಹಿಡಿದುಕೊಂಡೇ ಅವಳು ನಾಲ್ಕು ಸಾಲು ಹೇಳಿ ಇಳಿದಳು. ಅವತ್ತು ನನಗೆ ತುಂಬಾ ಬೇಜಾರಾಯಿತು.

ಕಾಗದ ಗಾಳಿಯಲ್ಲಿರುವ ತೇವವನ್ನೇ ಹೀರಿಕೊಳ್ಳುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರ ಸುತ್ತಮುತ್ತ ಇರುವ ನಮ್ಮ ಊರುಗಳಲ್ಲಿ ಆಷಾಢ ಶ್ರಾವಣದಲ್ಲಿ ಗೋಡೆಯೇ ಬೆವರುತ್ತದೆ, ಇನ್ನು ಕಾಗದದ ಪಾಡೇನು ಹೇಳಿ.

ಉತ್ತರ ತೋಟದಲ್ಲೇ ಬಿದ್ದಿರುತ್ತದೆ. ಅಡಿಕೆ ಹಾಳೆ. ಒಣಗಿದ ಹಾಳೆಯನ್ನು ತೊಳೆದು ಹದಿನೈದು ಇಪ್ಪತ್ತು ನಿಮಿಷ ನೀರಿನಲ್ಲಿ ನೆನೆಹಾಕಿ. ಚರ್ಮದ ಹಾಗೆ ಮಿದುವಾಗುತ್ತದೆ. ಆಗ 5 ಇಂಚು ಅಗಲಕ್ಕೆ ಕತ್ತರಿಸಿ, ಮಗುವಿನ ತಲೆಯಷ್ಟೇ ದಪ್ಪ ಇರುವ ಒಂದು ತಪ್ಪಲೆಗೆ ಸುತ್ತಿ, ದಾರ ಬಿಗಿದು ಕಟ್ಟಿ, ರಾತ್ರಿ ಬಚ್ಚಲ ಒಲೆಯ ಹತ್ತಿರ ಇಡಿ. ಬೆಳಿಗ್ಗೆ ತಪ್ಪಲೆಯಿಂದ ಬಿಡಿಸಿದರೆ ಅದೇ ದುಂಡಗಿನ ಆಕಾರದಲ್ಲಿ ಗಟ್ಟಿಯಾಗಿ ನಿಂತಿರುತ್ತದೆ. ಒಂದು ತುಂಡು ಉದ್ದ ಸಾಲದಿದ್ದರೆ ಎರಡನ್ನು ಜೋಡಿಸಿ. ಮೇಲೆ ಬಿಳಿ ಬಟ್ಟೆ ಸುತ್ತಿದರೆ ಕಂದು ಬಣ್ಣ ಕಾಣುವುದಿಲ್ಲ. ತೇವದ ಗಾಳಿಗೆ ಇದು ಬಗ್ಗುವುದಿಲ್ಲ. ನೇರ ಮಳೆಗೆ ಹಿಡಿದರೆ ಮಾತ್ರ ಮತ್ತೆ ಮೆತ್ತಗಾಗುತ್ತದೆ, ಕೊಡೆ ಇರಲಿ.

ಮನೆಯಲ್ಲಿ ಹಾಳೆಟೊಪ್ಪಿ ಇದ್ದರೆ ಇನ್ನೂ ಸುಲಭ. ಅದರ ಮೇಲೇ ದಿಂಬಿನ ಕವರು ಕೂರಿಸಿಬಿಡಬಹುದು.

ಷೆಫ್ ಟೋಪಿಗೆ ನೂರು ನೆರಿಗೆ ಇರಬೇಕಂತೆ, ಹೌದಾ?

ಮೊಟ್ಟೆಯನ್ನು ನೂರು ಥರ ಮಾಡಲು ಬಂದವನ ಟೋಪಿಗೆ ನೂರು ನೆರಿಗೆ ಅಂತ ಒಂದು ಕಥೆ ಇದೆ. ಚಂದದ ಕಥೆ, ಅಷ್ಟೇ. ನಿಮಗೆ ಹದಿನಾಲ್ಕು ಸಾಕು.

ಈ ಬಿಳಿ ಉಡುಪು ಫ್ರಾನ್ಸ್‌ನಿಂದ ಬಂದದ್ದು. 1784ರಲ್ಲಿ ಹುಟ್ಟಿ 1833ರಲ್ಲಿ ತೀರಿಕೊಂಡ ಮಾರಿ ಆಂಟ್ವಾನ್ ಕರೇಮ್ ಎಂಬ ದೊಡ್ಡ ಬಾಣಸಿಗ ಇದನ್ನು ರೂಢಿಗೆ ತಂದ ಅನ್ನುತ್ತಾರೆ. ಟೋಪಿ ನೆಟ್ಟಗೆ ನಿಲ್ಲಲಿ ಅಂತ ಅವನೂ ಒಳಗೆ ರಟ್ಟು ಇಟ್ಟುಕೊಳ್ಳುತ್ತಿದ್ದನಂತೆ. ಆಮೇಲೆ ಆಗುಸ್ತ್ ಎಸ್ಕಾಫಿಯೆ (1846-1935) ದೊಡ್ಡ ಹೋಟೆಲುಗಳ ಅಡಿಗೆಮನೆಗೆ ಒಂದು ಶಿಸ್ತು ತಂದ. ಯಾರು ಯಾವ ಕೆಲಸ ಮಾಡಬೇಕು ಅನ್ನುವುದು, ಮೈಕೈ ಬಟ್ಟೆ ಚೊಕ್ಕಟ ಇರಬೇಕು ಅನ್ನುವುದು, ಎಲ್ಲವೂ ಅದರಲ್ಲಿ ಸೇರಿತ್ತು.

ಕೋಟು ಹೊಲಿಯಲು ಬರುವುದಿಲ್ಲ. ಅಂಗಿಯನ್ನೇ ಕೋಟಿನ ಥರ ಮಾಡಬಹುದಾ?

ಮಾಡಬಹುದು, ಅದೇ ಒಳ್ಳೆಯದು. ಷೆಫ್ ಕೋಟಿನ ಗುರುತು ಅಂದರೆ ಎದೆಯ ಮೇಲೆ ಎರಡು ಪದರ, ಎರಡು ಸಾಲು ಗುಂಡಿ. ಅದು ಅಲಂಕಾರಕ್ಕೆ ಹುಟ್ಟಿದ್ದಲ್ಲ. ಎಣ್ಣೆ ಸಿಡಿದರೆ, ಬಿಸಿ ಸಾರು ಚೆಲ್ಲಿದರೆ ಎರಡು ಪದರ ದಾಟಿ ಮೈಗೆ ತಾಗುವುದು ನಿಧಾನ. ಮೇಲಿನ ಪದರಕ್ಕೆ ಕಲೆ ಆದರೆ ಅದನ್ನು ಒಳಗೆ ಹಾಕಿ ಒಳಗಿನದ್ದನ್ನು ಹೊರಗೆ ತಂದು ಗುಂಡಿ ಹಾಕಿಕೊಳ್ಳಬಹುದು. ಬಡಿಸಲು ಹೊರಗೆ ಬರುವಾಗ ಮತ್ತೆ ಬೆಳ್ಳಗೆ.

ಅಪ್ಪನ ಅಂಗಿ ಮಗುವಿಗೆ ಹೇಗೂ ದೊಗಳೆ. ಗುಂಡಿ ಹಾಕಬೇಡಿ. ಎಡ ಮುಂಭಾಗವನ್ನು ಮೊದಲು ಮೈಗೆ ಸುತ್ತಿ, ಅದರ ಮೇಲೆ ಬಲ ಮುಂಭಾಗವನ್ನು ಎಳೆದು ತನ್ನಿ. ಅಂಗಿಯ ಜೇಬು ಇರುವುದು ಎಡಗಡೆ. ಹೀಗೆ ಮಾಡಿದರೆ ಜೇಬು ಅಡಿಗೆ ಹೋಗಿ ಮುಚ್ಚಿಹೋಗುತ್ತದೆ, ಎದೆ ಸಪಾಟಾಗಿ ಕಾಣುತ್ತದೆ. ಹೆಗಲ ಹತ್ತಿರ ಒಂದು, ಸೊಂಟದ ಹತ್ತಿರ ಒಂದು ಪಿನ್ನು ಒಳಗಡೆಯಿಂದ ಹಾಕಿ. ಪಿನ್ನಿನ ಮೊನೆ ಎರಡು ಪದರದ ನಡುವೆಯೇ ಉಳಿಯಲಿ.

ಕಾಲರ್ ಎತ್ತಿ ಒಳಕ್ಕೆ ಮಡಚಿ. ಕೆಳಗಿನ ಪಟ್ಟಿ ಮಾತ್ರ ನಿಂತು ಷೆಫ್ ಕೋಟಿನ ಕಾಲರ್ ಆಗುತ್ತದೆ. ಬೆನ್ನಿನಲ್ಲಿ ಉಳಿದ ಬಟ್ಟೆಗೆ ಮಧ್ಯದಲ್ಲಿ ಒಂದು ದೊಡ್ಡ ನೆರಿಗೆ ಹಿಡಿದು ಟಾಕಿ ಹಾಕಿ. ಕೆಳಗಡೆ ಮೊಣಕಾಲಿಗೆ ಬಂದರೆ ಸೊಂಟದ ಸ್ವಲ್ಪ ಕೆಳಗಿನವರೆಗೆ ಒಳಕ್ಕೆ ಮಡಚಿ. ತೋಳನ್ನು ಮಣಿಕಟ್ಟಿನವರೆಗೆ ಇಟ್ಟು ಎರಡು ಮಡಿಕೆ ಹೊರಕ್ಕೆ ತಿರುಗಿಸಿ. ಮೊಳಕೈ ಮೇಲೆ ಏರಿಸಬೇಡಿ. ಷೆಫ್ ಕೋಟಿಗೆ ಉದ್ದ ತೋಳು ಇರುವುದೂ ಬಿಸಿಯಿಂದ ಕೈ ಉಳಿಯಲಿ ಅಂತಲೇ.

ಎರಡು ಸಾಲು ಗುಂಡಿ ಎಲ್ಲಿಂದ ತರುವುದು? ಅಂಗಿ ಒಳ್ಳೆಯದು, ಹಾಳಾಗಬಾರದು.

ಇದಕ್ಕೆ ನಮ್ಮ ಅತ್ತೆ ಹೇಳಿಕೊಟ್ಟ ಉಪಾಯ ಇದೆ. ಈ ವೇಷದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಇದೇ.

ಅಂಟುವಾಳ ಕಾಯಿಯ ಬೀಜ ಎಂಟು ತೆಗೆದುಕೊಳ್ಳಿ. ಕರ್ರಗೆ, ಗುಂಡಗೆ, ಕಲ್ಲಿನ ಹಾಗೆ ಗಟ್ಟಿ ಇರುತ್ತದಲ್ಲ, ಅದು. ಗುಂಡಿ ಬರಬೇಕಾದ ಜಾಗದಲ್ಲಿ ಬೀಜವನ್ನು ಅಂಗಿಯ ಒಳಗಡೆ ಇಟ್ಟು, ಹೊರಗಿನಿಂದ ಬಟ್ಟೆ ಸಮೇತ ಹಿಡಿಯಿರಿ. ಬೀಜದ ಬುಡಕ್ಕೆ ಕಪ್ಪು ದಾರ ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ ಗಂಟು ಹಾಕಿ. ಬಟ್ಟೆಯೇ ಮುಚ್ಚಿದ ದುಂಡು ಗುಂಡಿ ಎದ್ದು ನಿಲ್ಲುತ್ತದೆ. ಬುಡದಲ್ಲಿ ಕಪ್ಪು ದಾರದ ಗೆರೆ. ಸೂಜಿಯ ತೂತಿಲ್ಲ, ಅಂಟಿನ ಕಲೆಯಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ದಾರ ಬಿಚ್ಚಿದರೆ ಬೀಜ ಕೈಗೆ, ಅಂಗಿ ಅಪ್ಪನಿಗೆ.

ನಿಜವಾದ ಷೆಫ್ ಕೋಟುಗಳಲ್ಲೂ ಹೀಗೆ ಬಟ್ಟೆಯ ಗಂಟಿನ ಗುಂಡಿ ಇರುತ್ತದೆ, ಹಾಗಾಗಿ ಇದು ಸುಮ್ನೆ ಅಗ್ಗದ ದಾರಿಯಲ್ಲ. ಮಗುವಿಗೆ ಒಂದು ಸಾಲಿಗೆ ನಾಲ್ಕು ಸಾಕು. ಎರಡು ಸಾಲಿನ ನಡುವೆ ಅಂಗೈ ಅಗಲದ ಜಾಗ ಬಿಡಿ. ಬೀಜ ಸಿಗದಿದ್ದರೆ ಒಂದೇ ಗಾತ್ರದ ಬಟಾಣಿ, ಕಾಬೂಲಿ ಕಡಲೆ ಆಗುತ್ತದೆ. ತೀರಾ ಚಿಕ್ಕ ಮಕ್ಕಳು ಬೀಜವನ್ನು ಬಾಯಿಗೆ ಹಾಕಿಕೊಳ್ಳಬಹುದು. ಅವರಿಗೆ ಬಟ್ಟೆಯ ಉಂಡೆಯನ್ನೇ ಇಟ್ಟು ಕಟ್ಟಿ.

ಬಿಳಿ ಅಂಗಿ ಹಳದಿಯಾಗಿದೆ, ಬೂಸ್ಟಿನ ಚುಕ್ಕೆ ಬಿದ್ದಿದೆ. ಗಂಜಿ ಹಾಕುವುದು ಹೇಗೆ?

ಚುಕ್ಕೆಗೆ ನಿಂಬೆರಸ ಮತ್ತು ಉಪ್ಪು ಹಚ್ಚಿ ಬಿಸಿಲಿಗೆ ಇಡಿ. ಬಿಸಿಲು ಇಲ್ಲದಿದ್ದರೆ ಚುಕ್ಕೆ ಪೂರ್ತಿ ಹೋಗುವುದಿಲ್ಲ. ಆಗ ಚುಕ್ಕೆ ಇರುವ ಭಾಗ ಒಳಗಿನ ಪದರಕ್ಕೆ ಬರುವ ಹಾಗೆ ಸುತ್ತಿ. ಷೆಫ್‌ಗಳು ಮಾಡುವುದೂ ಅದನ್ನೇ ಅಲ್ವಾ. ಹಳದಿಗೆ ಕೊನೆಯ ನೀರಿನಲ್ಲಿ ನಾಲ್ಕು ಹನಿ ನೀಲಿ ಹಾಕಿ. ನೀಲಿಯನ್ನು ನೀರಿಗೆ ಪೂರ್ತಿ ಬೆರೆಸಿದ ಮೇಲೆ ಬಟ್ಟೆ ಅದ್ದಬೇಕು. ಬಟ್ಟೆಯ ಮೇಲೆ ನೇರ ಬಿದ್ದರೆ ಮಚ್ಚೆಯಾಗಿ ನಿಲ್ಲುತ್ತದೆ.

ಗಂಜಿ ಹಾಕಿದರೆ ಅಂಗಿ ಕೋಟಿನಂತೆ ನಿಲ್ಲುತ್ತದೆ. ಅನ್ನ ಬಸಿದ ಗಂಜಿ ಇದ್ದರೆ ತೆಳು ಬಟ್ಟೆಯಲ್ಲಿ ಸೋಸಿ, ಅಷ್ಟೇ ನೀರು ಬೆರೆಸಿ ಅದ್ದಿ ಹಿಂಡಿ. ಕುಕ್ಕರಿನಲ್ಲೇ ಅನ್ನ ಮಾಡುವ ಮನೆಯಾದರೆ ಒಂದು ದೊಡ್ಡ ಚಮಚ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಅರ್ಧ ಲೀಟರ್ ಕುದಿಯುವ ನೀರಿಗೆ ಹಾಕಿ ಎರಡು ನಿಮಿಷ ತಿರುವಿ, ಆರಿಸಿ ಬಳಸಿ. ಬಟ್ಟೆ ಪೂರ್ತಿ ಒಣಗುವ ಮೊದಲೇ, ಕೈಗೆ ತಂಪು ತಾಗುವಾಗಲೇ ಇಸ್ತ್ರಿ ಮಾಡಬೇಕು.

ಮಳೆಗಾಲದಲ್ಲಿ ಗಂಜಿ ಕಡಿಮೆ ಇರಲಿ. ಗಂಜಿ ಹಾಕಿದ ಬಟ್ಟೆ ಎರಡು ದಿನ ಒದ್ದೆ ಉಳಿದರೆ ಹುಳಿ ವಾಸನೆ ಬರುತ್ತದೆ, ಬೂಸ್ಟು ಅದಕ್ಕೇ ಮೊದಲು ಹಿಡಿಯುತ್ತದೆ. ಕರೆಂಟು ಹೋದರೆ ನಮ್ಮ ಅಜ್ಜಿಯಂದಿರ ದಾರಿ ಇದ್ದೇ ಇದೆ. ತಳ ಚೊಕ್ಕಟವಾಗಿರುವ ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ, ಇಕ್ಕಳದಲ್ಲಿ ಹಿಡಿದು ಬಟ್ಟೆಯ ಮೇಲೆ ಎಳೆಯುವುದು. ಇದು ದೊಡ್ಡವರ ಕೆಲಸ, ಮಕ್ಕಳು ದೂರ ಇರಲಿ.

ಎಪ್ರನ್ ಯಾವುದರಿಂದ?

ಹಳೇ ಪಂಚೆಯ ತುಂಡಿನಿಂದ. ಸೊಂಟದಿಂದ ಮೊಣಕಾಲಿನ ಕೆಳಗಿನವರೆಗೆ ಬರುವಷ್ಟು ಎತ್ತರಕ್ಕೆ ಮಡಚಿ, ಮೇಲಿನ ಮಡಿಕೆಯೊಳಗೆ ಉದ್ದದ ಲಾಡಿ ತೂರಿಸಿ. ಲಾಡಿಯನ್ನು ಹಿಂದಕ್ಕೆ ಒಯ್ದು ಮತ್ತೆ ಮುಂದಕ್ಕೆ ತಂದು ಹೊಟ್ಟೆಯ ಮೇಲೆ ಗಂಟು ಹಾಕಿ. ಆ ಲಾಡಿಗೆ ಪಕ್ಕದಲ್ಲಿ ಒಂದು ಕೈಬಟ್ಟೆ ಸಿಕ್ಕಿಸಿ, ಅರ್ಧ ಒಳಗೆ ಅರ್ಧ ಹೊರಗೆ. ಈ ಒಂದು ಬಟ್ಟೆಯಿಂದ ಮಗು ನಿಲ್ಲುವ ರೀತಿಯೇ ಬದಲಾಗುತ್ತದೆ. ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ, ಒರೆಸಿಕೊಳ್ಳುತ್ತದೆ.

ಎಪ್ರನ್ ಮೇಲೆ "ಷೆಫ್" ಅಂತ ಬರೆಯಬೇಕಾ ಅಂತ ಬಹಳ ಜನ ಕೇಳುತ್ತಾರೆ. ಬೇಡ ಅನ್ನುವುದು ನನ್ನ ಅಭಿಪ್ರಾಯ. ಅದರ ಬದಲು ಒಂದು ಚಿಟಿಕೆ ಅರಿಶಿನವನ್ನು ಒದ್ದೆ ಬೆರಳಿನಲ್ಲಿ ತೆಗೆದು ಒಂದೇ ಒಂದು ಕಡೆ ಒರೆಸಿ. ಕೆಲಸ ಮಾಡಿ ಬಂದವರ ಬಟ್ಟೆ ಹಾಗಿರುತ್ತದೆ.

ಪ್ಯಾಂಟು, ಚಪ್ಪಲಿ?

ಕಪ್ಪು ಪ್ಯಾಂಟು, ಇಲ್ಲವೇ ಸಣ್ಣ ಚೌಕುಳಿಯ ಪೈಜಾಮ. ಹೋಟೆಲ್ ಅಡಿಗೆಯವರು ಕಪ್ಪು ಬಿಳಿ ಚೌಕುಳಿ ಹಾಕುವುದು ಕಲೆ ಕಾಣದಿರಲಿ ಅಂತ. ಕಾಲಿಗೆ ಶಾಲೆಯ ಕಪ್ಪು ಶೂ.

ಕುತ್ತಿಗೆಗೆ ಬಟ್ಟೆ ಕಟ್ಟುವುದು ಯಾಕೆ?

ಒಲೆಯ ಮುಂದೆ ಬೆವರು ಇಳಿಯುತ್ತದೆ, ಅದು ಅಡಿಗೆಗೆ ಬೀಳಬಾರದು. ದೊಡ್ಡ ಕರ್ಚೀಫನ್ನು ಮೂಲೆಗೆ ಮೂಲೆ ಮಡಚಿ ಸುತ್ತಿ, ಮುಂದೆ ಸಡಿಲ ಗಂಟು ಹಾಕಿ. ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲ ಇರಲೇಬೇಕು.

ಕೈಯಲ್ಲಿ ಏನು ಹಿಡಿಸುವುದು?

ಒಂದೇ ಸಾಮಾನು, ನಿಮ್ಮ ಅಡಿಗೆಮನೆಯದ್ದೇ. ಮರದ ಸೌಟು, ದೋಸೆ ಮಗುಚುವ ಸಟ್ಟುಗ, ಲಟ್ಟಣಿಗೆ ಯಾವುದಾದರೂ ಸರಿ. ಚಾಕು, ಕತ್ತಿ ಬೇಡ, ರಟ್ಟಿನದ್ದಾದರೂ ಬೇಡ. ಮಕ್ಕಳು ಸಾಲಾಗಿ ನಿಂತಿರುತ್ತಾರೆ, ಪಕ್ಕದ ಮಗುವಿನ ಕಣ್ಣು ಅದೇ ಎತ್ತರದಲ್ಲಿರುತ್ತದೆ.

ತಟ್ಟೆಯಲ್ಲಿ ತಿಂಡಿ ತೋರಿಸಬೇಕೆಂದರೆ ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಉಪ್ಪು, ಒಂದು ಬಟ್ಟಲು ನೀರು ಕಲಸಿದ ಹಿಟ್ಟಿನಲ್ಲಿ ಕಡುಬು, ವಡೆ ಮಾಡಿ ಒಣಗಿಸಬಹುದು. ಇದೂ ಬೇಸಿಗೆಯ ಮಾತು. ಮಳೆಗಾಲದಲ್ಲಿ ಆ ಉಪ್ಪು ನೀರು ಎಳೆದುಕೊಂಡು ತಿಂಡಿ ಅಂಟಂಟಾಗುತ್ತದೆ. ಆಗ ನಿಜವಾದ ಕಡುಬನ್ನೇ ಬಾಳೆ ಎಲೆಯಲ್ಲಿಟ್ಟು ಕೊಟ್ಟುಬಿಡಿ. ವೇದಿಕೆಯಿಂದ ಇಳಿದ ಮೇಲೆ ಗೆಳೆಯರಿಗೆ ಹಂಚಿ ತಿನ್ನುತ್ತಾರೆ.

ಬಿಳಿ ಟೋಪಿಯ ಷೆಫ್ಫೇ ಆಗಬೇಕಾ? ನಮ್ಮ ಮದುವೆ ಮನೆಯ ಅಡಿಗೆಯವರ ವೇಷ ಹಾಕಬಹುದಾ?

ಖಂಡಿತ ಹಾಕಿ. ಅಕ್ಕನ ಮಗನಿಗೆ ನಾನು ಹಾಕಿದ್ದು ಇದನ್ನೇ.

ಮಲೆನಾಡಿನ ಮದುವೆ ಮನೆಯ ಹಿಂದೆ ಬೆಳಗಿನ ಜಾವ ನಾಲ್ಕಕ್ಕೆ ಹೋಗಿ ನೋಡಿದ್ದೀರಾ? ತಗಡಿನ ಚಪ್ಪರದ ಅಡಿ ಸಾಲಾಗಿ ಒಲೆಗಳು, ಒಂದರ ಮೇಲೆ ಕೊಪ್ಪರಿಗೆ. ಅಡಿಗೆ ಭಟ್ಟರು ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿರುತ್ತಾರೆ. ಕೆಳಗೆ ಬೆಂಕಿ ಇದೆ, ಬಟ್ಟೆಯ ಅಂಚು ಅಲ್ಲಿಗೆ ಹೋಗಬಾರದು. ಸೊಂಟಕ್ಕೆ ಒಂದು ಟವೆಲ್ಲು ಬಿಗಿದಿರುತ್ತಾರೆ. ಬಿಸಿ ಪಾತ್ರೆ ಇಳಿಸುವುದು, ಕೈ ಒರೆಸುವುದು ಅದರಲ್ಲಿ. ಹೆಗಲ ಮೇಲೆ ಇನ್ನೊಂದು ಟವೆಲ್ಲು, ಅದು ಬೆವರಿಗೆ ಮಾತ್ರ. ನಾನು ಗಮನಿಸಿ ನೋಡಿದ್ದೇನೆ, ಹೊಗೆಯಲ್ಲಿ ಕಣ್ಣು ಉರಿಯುತ್ತಿದ್ದರೂ ಸೊಂಟದ ಬಟ್ಟೆಯಲ್ಲಿ ಮುಖ ಒರೆಸಿಕೊಳ್ಳುವುದಿಲ್ಲ, ಹೆಗಲಿನದನ್ನೇ ಎಳೆದುಕೊಳ್ಳುತ್ತಾರೆ. ಬಡಿಸುವ ಹೊತ್ತಿಗೆ ಆ ಹೆಗಲ ಟವೆಲ್ಲು ತಲೆಗೆ ಏರುತ್ತದೆ, ಕೂದಲು ಎಲೆಗೆ ಬೀಳದಿರಲಿ ಅಂತ.

ಈಗ ಜೋಡಿಸಿ ನೋಡಿ. ತಲೆಯ ಟವೆಲ್ಲು ಷೆಫ್ ಟೋಪಿಯ ಕೆಲಸ ಮಾಡುತ್ತದೆ, ಹೆಗಲಿನದ್ದು ಕುತ್ತಿಗೆಯ ಕರ್ಚೀಫಿನ ಕೆಲಸ, ಸೊಂಟದ್ದು ಎಪ್ರನ್ನಿನ ಕೆಲಸ. ಪ್ಯಾರಿಸ್ಸಿನವರಿಗೂ ನಮ್ಮವರಿಗೂ ಬೆಂಕಿ ಒಂದೇ, ಬೆವರೂ ಒಂದೇ. ಮನೆಯಲ್ಲಿ ಎರಡು ಬಿಳಿ ಟವೆಲ್ಲು, ಒಂದು ಚಿಕ್ಕ ಪಂಚೆ ಇದ್ದರೆ ಹತ್ತೇ ನಿಮಿಷದಲ್ಲಿ ವೇಷ ಆಯಿತು. ಚಳಿಯಾದರೆ ಒಳಗೆ ಬಿಳಿ ಬನಿಯನ್ ಹಾಕಿ. ಕೈಗೆ ಉದ್ದದ ಮರದ ಹುಟ್ಟು ಕೊಡಿ, ಮಗುವಿನ ಎದೆಯ ಎತ್ತರಕ್ಕೆ ಬಂದರೆ ಚೆನ್ನ.

ಎರಡು ಮಾತು ಹೇಳಲೇಬೇಕು. ಹೊಟ್ಟೆಗೆ ದಿಂಬು ಕಟ್ಟಿ ನಗಿಸಲು ಹೋಗಬೇಡಿ. ಸಾವಿರ ಜನಕ್ಕೆ ಹೊತ್ತಿಗೆ ಸರಿಯಾಗಿ ಬಿಸಿ ಊಟ ಹಾಕುವ ಮನುಷ್ಯನ ವೇಷ ಅದು, ಮಗು ಅದನ್ನು ಗೌರವದಿಂದ ಹಾಕಲಿ. ಜನಿವಾರ, ನಾಮ ಅಂತ ಜಾತಿಯ ಗುರುತೂ ಬೇಡ. ದೊಡ್ಡ ದೇಗಿನಲ್ಲಿ ಬಿರಿಯಾನಿ ಮಾಡುವವರ ಹೆಗಲ ಮೇಲೂ ಅದೇ ಟವೆಲ್ಲು ಇರುತ್ತದೆ.

ಪುರಾಣದ ಪಾತ್ರವೇ ಬೇಕು ಅಂತ ಟೀಚರ್ ಹೇಳಿದ್ದಾರೆ. ಅಡಿಗೆಯವರು ಯಾರಾದರೂ ಇದ್ದಾರಾ?

ಭೀಮ ಇದ್ದಾನಲ್ಲ! ಅಜ್ಞಾತವಾಸದಲ್ಲಿ ವಿರಾಟನ ಅರಮನೆಯಲ್ಲಿ ವಲಲ ಅನ್ನುವ ಹೆಸರಿನಲ್ಲಿ ಅಡಿಗೆ ಮಾಡಿಕೊಂಡಿದ್ದ. ಗದೆ ಬಚ್ಚಿಟ್ಟು ಸೌಟು ಹಿಡಿದವನು. ಛದ್ಮವೇಷ ಅಂದರೆ ಗುರುತು ಮರೆಸುವ ವೇಷ, ಭೀಮ ಮಾಡಿದ್ದೂ ಅದನ್ನೇ. ಎತ್ತಿ ಕಟ್ಟಿದ ಪಂಚೆ, ತಲೆಗೆ ಟವೆಲ್ಲು, ಹೆಗಲ ಮೇಲೆ ಗದೆಯ ಹಾಗೆ ಹೊತ್ತ ದೊಡ್ಡ ಸೌಟು ಸಾಕು. ನಳ ಮಹಾರಾಜನೂ ಆಗುತ್ತದೆ. ಒಳ್ಳೆಯ ಅಡಿಗೆಗೆ ನಳಪಾಕ ಅನ್ನುವುದು ಅವನಿಂದಲೇ.

ಹುಡುಗಿಯರಿಗೆ ಬೇರೆ ಥರ ಮಾಡಬೇಕಾ?

ಇಲ್ಲ. ಕೋಟು, ಟೋಪಿ ಎಲ್ಲ ಅದೇ. ಜಡೆಯನ್ನು ತುರುಬು ಕಟ್ಟಿ ಟೋಪಿಯೊಳಗೆ ಸೇರಿಸಿ. ಅಡಿಗೆಮನೆಯಲ್ಲಿ ಕೂದಲು ಬಿಟ್ಟುಕೊಳ್ಳುವುದಿಲ್ಲ.

ಮೀಸೆ ಬರೆಯಬಹುದಾ?

ಬೇಕಾದರೆ ಮನೆಯ ಕಾಡಿಗೆಯಲ್ಲಿ ತೆಳ್ಳಗೆ ಬರೆಯಿರಿ. ಅಂಟು ಹಚ್ಚಿ ಹತ್ತಿ ಅಂಟಿಸಬೇಡಿ, ಎಳೆ ಚರ್ಮ ಕೆಂಪಾಗುತ್ತದೆ.

ವೇದಿಕೆಯ ಮೇಲೆ ಏನು ಹೇಳಿಸುವುದು?

ಪ್ರತಿಭಾ ಕಾರಂಜಿ ಇರಲಿ, ಶಾಲೆಯ ವಾರ್ಷಿಕೋತ್ಸವ ಇರಲಿ, ಮಗುವಿಗೆ ಸಿಗುವುದು ಒಂದೆರಡು ನಿಮಿಷ. ಉದ್ದದ ಭಾಷಣ ಬಾಯಿಪಾಠ ಮಾಡಿಸಿದರೆ ಮಧ್ಯೆ ಮರೆತು ಅಮ್ಮನ ಮುಖ ಹುಡುಕುತ್ತದೆ. ಅದರ ಬದಲು ವೇಷ ಕಟ್ಟುವಾಗಲೇ ಒಂದೊಂದು ಬಟ್ಟೆ ಯಾಕೆ ಅಂತ ಹೇಳುತ್ತಾ ಹೋಗಿ. ಮೈಮೇಲೆ ಇರುವುದನ್ನು ಮುಟ್ಟಿ ಮುಟ್ಟಿ ಹೇಳಿದರೆ ಮರೆಯುವುದಿಲ್ಲ. ನನ್ನ ಚಿಕ್ಕ ಮಗ ಒಂದನೇ ತರಗತಿಯಲ್ಲಿ ಹೇಳಿದ್ದು ಇಷ್ಟು:

"ಎಲ್ಲರಿಗೂ ನಮಸ್ಕಾರ. ನಾನು ಬಾಣಸಿಗ. ನನ್ನ ಕೋಟಿಗೆ ಎರಡು ಪದರ. ಎಣ್ಣೆ ಸಿಡಿದರೆ ಮೈ ಸುಡಬಾರದು. ಕಲೆ ಆದರೆ ಇದು ಒಳಗೆ, ಅದು ಹೊರಗೆ. ತಲೆಗೆ ಟೋಪಿ ಯಾಕೆ? ನಿಮ್ಮ ಸಾರಲ್ಲಿ ನನ್ನ ಕೂದಲು ಇರಬಾರದು. ಇವತ್ತು ಬಿಸಿ ಕಡುಬು, ಕಾಯಿಚಟ್ನಿ ಮಾಡಿದ್ದೇನೆ. ಬನ್ನಿ, ಊಟಕ್ಕೆ ಏಳೋಣ."

"ಇದು ಒಳಗೆ, ಅದು ಹೊರಗೆ" ಅನ್ನುವಾಗ ಅವನು ನಿಜವಾಗಿಯೂ ಪದರ ತಿರುಗಿಸಿ ತೋರಿಸಿದ. ಅದಕ್ಕಾಗಿ ಸೊಂಟದ ಪಿನ್ನು ಹಾಕದೆ ಎಪ್ರನ್ ಲಾಡಿಯಲ್ಲೇ ಹಿಡಿಸಿದ್ದೆ.

ಬಾಣಸಿಗ ಅನ್ನುವ ಪದ ಮಕ್ಕಳಿಗೆ ಹೇಳಿಕೊಡಿ. ಹಳೆಯ ಕನ್ನಡದ ಪದ, ಬಾಣಸ ಅಂದರೆ ಅಡಿಗೆ, ಅಡಿಗೆಮನೆ. ಷೆಫ್ ಅನ್ನುವಷ್ಟೇ ಸಲೀಸಾಗಿ ನಾಲಿಗೆಗೆ ಬರುತ್ತದೆ.

ದೊಡ್ಡವರಿಗೆ, ಊರಿನ ನಾಟಕಕ್ಕೆ ಆಗುತ್ತದಾ?

ಆಗುತ್ತದೆ. ದೊಡ್ಡವರ ತಲೆ 22 ಇಂಚಿನ ಮೇಲೆ ಇರುತ್ತದೆ, 28 ಇಂಚಿನ ಪಟ್ಟಿ ಸಾಲುತ್ತದೆ. ನೆರಿಗೆ ಹನ್ನೊಂದು ಹನ್ನೆರಡಕ್ಕೆ ಇಳಿಯುತ್ತದೆ, ಪಟ್ಟಿಯ ಎತ್ತರ 7 ಇಂಚಿಗೆ ಏರಿಸಿ. ಅಂಗಿ ಮಾತ್ರ ಹಾಕಿಕೊಳ್ಳುವವರಿಗಿಂತ ಎರಡು ಮೂರು ಸೈಜು ದೊಡ್ಡದಿರಬೇಕು, ಇಲ್ಲದಿದ್ದರೆ ಎದೆಯ ಮೇಲೆ ಎರಡನೇ ಪದರ ಬರುವುದಿಲ್ಲ. ನಾಟಕಕ್ಕಾದರೆ ಅಂಟುವಾಳ ಬೀಜ ಸಣ್ಣದಾಯಿತು, ಹಿಂದಿನ ಸಾಲಿಗೆ ಕಾಣುವುದಿಲ್ಲ. ಗೋಟಡಿಕೆ ಕಟ್ಟಿ.

ಇವತ್ತು ರಾತ್ರಿ ಮಾತ್ರ ಇದೆ. ಯಾವುದು ಬಿಡಬಹುದು?

ಗಂಜಿ ಬಿಡಿ, ತಿಂಡಿ ಬಿಡಿ, ಕುತ್ತಿಗೆಯ ಬಟ್ಟೆಯನ್ನೂ ಬಿಡಬಹುದು. ಟೋಪಿ ಮತ್ತು ಗುಂಡಿ ಬಿಡಬೇಡಿ. ಮೊದಲು ಟೋಪಿಗೆ ಕೂತುಕೊಳ್ಳಿ, ಮುಕ್ಕಾಲು ಗಂಟೆ ಹಿಡಿಯುತ್ತದೆ. ಗುಂಡಿಗೆ ಇಪ್ಪತ್ತು ನಿಮಿಷ, ಮಗು ಎಚ್ಚರ ಇದ್ದರೆ ಬೀಜ ಹಿಡಿದುಕೊಳ್ಳಲಿ, ನೀವು ದಾರ ಸುತ್ತಿ. ಮಲಗುವ ಮೊದಲು ಒಂದು ಸಲ ಪೂರ್ತಿ ಹಾಕಿಸಿ, ಮನೆಯೆಲ್ಲ ಓಡಾಡಿಸಿ, ಬಗ್ಗಿಸಿ ಏಳಿಸಿ ನೋಡಿ. ಟೋಪಿ ಬಿದ್ದರೆ ಆಗಲೇ ಗೊತ್ತಾಗಲಿ. ಕಿವಿಯ ಹಿಂದೆ ಎರಡು ಹೇರ್‌ಪಿನ್ನು ಹಾಕಿದರೆ ನಿಲ್ಲುತ್ತದೆ.

ಮುಗಿದ ಮೇಲೆ ಇದನ್ನೆಲ್ಲ ಇಟ್ಟುಕೊಳ್ಳುವುದು ಹೇಗೆ?

ಅಂಗಿಯ ದಾರ ಬಿಚ್ಚಿ, ಅರಿಶಿನದ ಕಲೆ ಇರುವ ಎಪ್ರನ್ನನ್ನು ಸೋಪು ಹಾಕಿ ಬಿಸಿಲಿಗೆ ಹರಡಿ, ಅರಿಶಿನ ಬಿಸಿಲಿಗೆ ತಾನಾಗಿ ಮಾಸುತ್ತದೆ. ದಿಂಬಿನ ಕವರು ದಿಂಬಿಗೆ ಹೋಗಲಿ. ಹಾಳೆಯ ಪಟ್ಟಿಯನ್ನು ಮಾತ್ರ ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲೆ, ಒಲೆಯ ಹೊಗೆ ತಾಗುವ ಕಡೆ ಇಡಿ. ನಮ್ಮ ಮನೆಯದ್ದು ಮೂರು ಮಳೆಗಾಲ ಕಳೆದಿದೆ. ಹೋದ ತಿಂಗಳು ಪಕ್ಕದ ಮನೆಯ ಹುಡುಗಿ ಬಂದು ಒಯ್ದಿದ್ದಾಳೆ. ಅವಳ ತಲೆಗೆ ಸ್ವಲ್ಪ ದೊಡ್ಡದಾಯಿತು, ಒಳಗೆ ಒಂದು ಕರ್ಚೀಫು ಮಡಚಿಟ್ಟು ಕೊಟ್ಟೆ.